ಬೇಡುವವನ ಅಧಿಕಾರ

ಧರ್ಮಾರ್ಥವಾಗಿ ದೊರೆತ ವಸ್ತುವಿನಲ್ಲಿ ಕೊರತೆಯನ್ನು ಕಂಡವನಿಗೆ, ಅದನ್ನು ತುಂಬಿಕೊಡೆಂದು ಆಗ್ರಹಿಸುವ ಅಧಿಕಾರವುಂಟೆ? ಗಣಕಯಂತ್ರದ ಮುಕ್ತ ತಂತ್ರಾಂಶಗಳ ವಿಷಯದಲ್ಲಿ ಈ ಪ್ರಶ್ನೆಯು ನಿತ್ಯವೂ ಏಳುತ್ತಿದೆ. ಅವುಗಳನ್ನು ರಚಿಸುವವರಲ್ಲಿ ಅನೇಕರು ವೇತನವನ್ನು ಪಡೆಯತಕ್ಕವರಲ್ಲ. ಆಗದುದನ್ನು ಆಗದೆಂದು ತಿಳಿಸುವುದು ಅವರ ಕರ್ತವ್ಯವೇನೋ ಸರಿ. ಬಳಸುವವನಿಗಾದರೋ ಮೂಲಬರಹವೇ ಕೈಯಲ್ಲಿದೆ. ತಾನೇ ತಿದ್ದಬಹುದು, ಬಲ್ಲವರಿಂದ ತಿದ್ದಿಸಬಹುದು, ವಿನಯದಿಂದ ಕೇಳಲೂಬಹುದು. ದಾಸೋಹವೆಂದು ಬಡಿಸಿದವನನ್ನು ಸಾಲಗಾರನಂತೆ ಕಾಡುವುದು ಮಾತ್ರ ನ್ಯಾಯವೆನಿಸದು.

ಕಡತಗಳನ್ನು ಅಡಕಗೊಳಿಸುವ ‘ಎಕ್ಸ್‌ಜೆಡ್’ ಎಂಬ ಸಾಧನವನ್ನು ಫಿನ್ಲೆಂಡಿನ ಸಜ್ಜನರೊಬ್ಬರು ಬಹುಕಾಲ ಒಬ್ಬರೇ ನೋಡಿಕೊಂಡು ಬಂದರು. ಕೆಲಸವು ನಿಧಾನವೆಂದು 2022ರಲ್ಲಿ ಕೆಲವರು ಅವರನ್ನು ಚುಚ್ಚತೊಡಗಿದರು. ಇದು ಸಂಬಳವಿಲ್ಲದ ಹವ್ಯಾಸ, ತಮ್ಮ ಶಕ್ತಿಯೂ ಕುಗ್ಗಿದೆಯೆಂದು ಅವರು ಬಿನ್ನವಿಸಿದರೂ ಆಕ್ಷೇಪವು ನಿಲ್ಲಲಿಲ್ಲ. ಕಡೆಗೆ, ನೆರವಿಗೆ ನಿಂತಿದ್ದ ಅಪರಿಚಿತನೊಬ್ಬನಿಗೆ ಹೊಣೆಯನ್ನು ಹಂಚಿದರು. ಆತನೇ 2024ರ ಫೆಬ್ರವರಿಯಲ್ಲಿ ಅದರೊಳಗೆ ಕಳ್ಳಬಾಗಿಲನ್ನಿಟ್ಟನು. ಮರುತಿಂಗಳೇ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು ಅದನ್ನು ಪತ್ತೆಹಚ್ಚಿದುದು ಲೋಕದ ಪುಣ್ಯ. ಅಂದು ಚುಚ್ಚಿದವರೂ ಆ ವಂಚಕನ ಕಡೆಯವರೇ ಆಗಿದ್ದಿರಬೇಕೆಂಬ ಸಂಶಯವಿದೆ. ಆದರೆ ವಾಚಕರು ಇದನ್ನು ಗಮನಿಸಬೇಕು: ಆ ಕಟುನುಡಿಗಳು ಆಗ ಸಂಚೆಂದು ತೋರಲಿಲ್ಲ, ಅಂಥ ಆಗ್ರಹವು ಅಲ್ಲಿ ಅಷ್ಟು ರೂಢವಾಗಿತ್ತು.