ಪೊಟ್ಟಣ ಯಾರ ಜೇಬಿನಲ್ಲಿ?

ಗಾಂಜಾ ಸೇದೋದು ಸರಿಯೋ ತಪ್ಪೋ ಅಂತ ಕೇಳಿದರೆ ನಮ್ಮ ಮೇಷ್ಟ್ರುಗಳು ಥಟ್ಟನೆ ತಪ್ಪು ಅಂತಾರೆ. ಚರ್ಚೆ ಅಲ್ಲಿಗೆ ಮುಗೀತದೆ. ಆದರೆ ಯಾರು ಸೇದಿದರೆ ತಪ್ಪು, ಎಲ್ಲಿ ಸೇದಿದರೆ ಅಪರಾಧ, ಸಿಕ್ಕಿಬಿದ್ದಾಗ ಜೈಲಿಗೆ ಹೋಗೋನು ಯಾರು? ಇದನ್ನ ಕೇಳೋರು ಕಡಿಮೆ.

ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆ ಹಿಡಿದು ಯಲಹಂಕದ ಆಚೆಗೆ ಹೋದರೆ, ರಾಗಿ, ದ್ರಾಕ್ಷಿ ಬೆಳೀತಿದ್ದ ನೆಲದಲ್ಲಿ ಈಗ ರೆಸಾರ್ಟು, ಫಾರ್ಮ್‌ಹೌಸು, ಕುದುರೆ ಸವಾರಿ ಶಾಲೆ. ಆ ಶಾಲೆಯ ಬಯಲಲ್ಲಿ ‘ಎಕೋಸ್ ಆಫ್ ಅರ್ಥ್’ನಂಥ ಸಂಗೀತ ಜಾತ್ರೆಗಳು ನಡೆದಿವೆ. ಇತ್ತ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಹಾಡಿ ಹೋದರು. ಹಾಡು ಕೇಳೋಕೆ ಬಂದವರೆಲ್ಲ ಅಮಲುಕೋರರು ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋರು ತಮಟೆ ಸದ್ದಿಗೂ ಮೂಗು ಮುರಿಯೋ ಜನವೇ. ಆದರೆ ಕತ್ತಲಲ್ಲಿ, ಕುಣಿತದಲ್ಲಿ ಪೊಟ್ಟಣ ಕೈ ಬದಲಾಯಿಸೋದೂ ಸುಳ್ಳಲ್ಲ.

ಈ ಪೊಟ್ಟಣದ ಮೇಲೆ ಕೂತಿರೋದು 1985ರ ಮಾದಕ ವಸ್ತು ಕಾಯ್ದೆ. ಗಾಂಜಾ ಸೇದಿದ್ದಕ್ಕೆ ಆರು ತಿಂಗಳವರೆಗೆ, 1 ಕೆಜಿಯವರೆಗೆ ಇಟ್ಟುಕೊಂಡಿದ್ದಕ್ಕೆ ಒಂದು ವರ್ಷದವರೆಗೆ ಜೈಲು. ಗಿಡದ ಹೂತೆನೆ ಸೇದಿದರೆ ಅಪರಾಧ. ಅದೇ ಗಿಡದ ಬರೀ ಎಲೆ ಅರೆದು ಭಂಗಿ ಕುಡಿದರೆ ಈ ಕಾಯ್ದೆಯ ವ್ಯಾಖ್ಯೆಗೇ ಸಿಗೋದಿಲ್ಲ. 2022ರಲ್ಲಿ ಬೆಂಗಳೂರಲ್ಲಿ 29 ಕೆಜಿ ಭಂಗಿ ಜೊತೆ ಸಿಕ್ಕವನಿಗೆ ಹೈಕೋರ್ಟು ಜಾಮೀನು ಕೊಟ್ಟಿತು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಕೈಗೆ ಬರೋ ಸಂಗತಿ ಪತ್ರಿಕೆಗಳಲ್ಲೇ ಬಂದಿದೆ. ಇನ್ನು ಸರ್ಕಾರ? ನಮ್ಮ ಕೇರಿಗಳಿಗೆ ಸರಾಯಿ ಕುಡಿಸಿ, ಅದರ ಹರಾಜಿನ ದುಡ್ಡು ಎಣಿಸಿ, 2007ರ ಜುಲೈ 1ಕ್ಕೆ ಅದನ್ನ ನಿಲ್ಲಿಸ್ತು. ಬ್ರಾಂದಿ, ವಿಸ್ಕಿಯ ಆದಾಯ ಮಾತ್ರ ಇವತ್ತಿಗೂ ಬೊಕ್ಕಸಕ್ಕೆ ಬೇಕು. ಇಂಥ ಪ್ರಭುತ್ವ ಅಮಲಿನ ಬಗ್ಗೆ ನೀತಿಪಾಠ ಹೇಳೋಕೆ ಬಂದರೆ ನಗು ಬರುತ್ತೆ.

ಹಾಗಂತ ಪೊಟ್ಟಣ ಬಿಚ್ಚೋದೇ ಬಂಡಾಯ ಅನ್ನೋ ಮಾತನ್ನ ನಾನು ಒಪ್ಪೋದಿಲ್ಲ. ‘ನನ್ನ ಮೈ, ನನ್ನ ಇಷ್ಟ, ಯಾರಿಗೆ ನಷ್ಟ?’ ಅಂತ ಕೆಲ ವಿದ್ಯಾವಂತ ಗೆಳೆಯರು ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ಮೈ ನಿಂದೇ ಸರಿ, ಪೊಟ್ಟಣ ಹೊತ್ತು ತಂದದ್ದು ಯಾರ ಮೈ?

ಹನ್ನೆರಡು ಜನ ಗೆಳೆಯರು ಚಂದಾ ಹಾಕಿ ತಲಾ ಒಂದು ಗ್ರಾಂ ಎಂಡಿಎಂಎ ತರಿಸ್ತಾರೆ ಅಂತಿಟ್ಟುಕೊಳ್ಳಿ. ಗೇಟಲ್ಲಿ ತಪಾಸಣೆ ಇದೆ, ಹಾಗಾಗಿ ಎಲ್ಲಾನೂ ಒಬ್ಬನ ಕೈಲಿ. ಎಂಡಿಎಂಎ 10 ಗ್ರಾಂ ದಾಟಿದರೆ ಕಾನೂನಿನ ಲೆಕ್ಕದಲ್ಲಿ ಅದು ವ್ಯಾಪಾರದ ಪ್ರಮಾಣ. ಬೆರೆಸಿದ ಪುಡಿಯ ತೂಕವೂ ಲೆಕ್ಕಕ್ಕೆ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನುಂಗಿ ಕುಣಿದ ಹನ್ನೊಂದು ಜನಕ್ಕೆ ಸೇವನೆಯ ಕೇಸು, ಹೆಚ್ಚೆಂದರೆ ವರ್ಷ. ಹೊತ್ತವನಿಗೆ 10ರಿಂದ 20 ವರ್ಷ, ಕನಿಷ್ಠ ಒಂದು ಲಕ್ಷ ದಂಡ, ಜಾಮೀನೂ ಸುಲಭಕ್ಕಿಲ್ಲ.

ಅವನು ಯಾರಾಗಿರ್ತಾನೆ? ಬಾಗಲೂರಿನ ಕಡೆ ಶೀಟಿನ ರೂಮು ಹಿಡಿದು ಡೆಲಿವರಿ ಬೈಕು ಓಡಿಸೋ ನಮ್ಮ ಹುಡುಗನೇ ಆಗಿರಬಹುದು. ಐನೂರು ರೂಪಾಯಿ ಸಿಗುತ್ತೆ, ಒಳಗೆ ಬಿಟ್ಟಿ ಹಾಡು ಕೇಳಬಹುದು ಅಂತ ಒಪ್ಪಿಕೊಂಡಿರ್ತಾನೆ. ಜಾತ್ರೆ ಮುಗಿದ ಮೇಲೆ ಬಾಟಲಿ, ಎಂಜಲು ಬಳಿಯೋ ಕೆಲಸ ಯಾರ ಪಾಲಿಗೆ ಬರುತ್ತೋ ಅಪಾಯ ಹೊರೋ ಕೆಲಸವೂ ಅವರ ಪಾಲಿಗೇ ಇಳಿಯುತ್ತೆ. ಸುಖ ಮೇಲೆ, ಮೈಲಿಗೆ ಕೆಳಗೆ. ಇದು ಜಾತಿಯ ಹಳೇ ಲೆಕ್ಕವೇ ಅಲ್ಲವೆ? 2020ರಲ್ಲಿ ಡ್ರಗ್ಸ್ ಕೇಸಲ್ಲಿ ಸಿನಿಮಾ ನಟಿಯರಿಬ್ಬರನ್ನ ಹಿಡಿದಾಗ ಟೀವಿಗಳು ತೀರ್ಪೇ ಕೊಟ್ಟುಬಿಟ್ಟವು. ವರ್ಷಗಳಾದ ಮೇಲೆ ಹೈಕೋರ್ಟು ಅವರ ಮೇಲಿನ ಕೇಸು ರದ್ದು ಮಾಡಿತು. ಅವರಿಗೆ ಮೇಲಿನ ಕೋರ್ಟಿನವರೆಗೂ ಹೋಗೋ ವಕೀಲರಿದ್ದರು. ಬೈಕಿನ ಹುಡುಗನ ಅವ್ವನಿಗೆ ಪರಪ್ಪನ ಅಗ್ರಹಾರಕ್ಕೆ ಯಾವ ಬಸ್ಸು ಹೋಗುತ್ತೆ ಅನ್ನೋದೂ ಗೊತ್ತಿರೋದಿಲ್ಲ.

ಮೇಷ್ಟ್ರುಗಳು ಇದನ್ನ ಮಕ್ಕಳಿಗೆ ಹೇಳಬೇಕು. ಮೈ ತಪಾಸಣೆಗೆ ಬಂದಾಗ ಗೆಜೆಟೆಡ್ ಅಧಿಕಾರಿ ಇಲ್ಲವೆ ಮ್ಯಾಜಿಸ್ಟ್ರೇಟರ ಮುಂದೆ ಮಾಡಿ ಅಂತ ಕೇಳೋ ಹಕ್ಕನ್ನ 50ನೇ ಕಲಂ ಕೊಟ್ಟಿದೆ. ಹೆಣ್ಣುಮಗಳ ಮೈಯನ್ನ ಹೆಣ್ಣುಮಗಳೇ ತಪಾಸಣೆ ಮಾಡಬೇಕು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಮಾತ್ರೆ ನುಂಗಿ ಗಂಟೆಗಟ್ಟಲೆ ಕುಣಿದ ಗೆಳೆಯ ಮೈ ಕಾದು ಬಿದ್ದುಬಿಡ್ತಾನೆ. ಆಂಬುಲೆನ್ಸ್ ಕರೆದರೆ ಪೊಲೀಸು, ಕರೆಯದಿದ್ದರೆ ಸಾವು. ಚಿಕಿತ್ಸೆಗೆ ತಾನಾಗಿ ಬಂದ ವ್ಯಸನಿಗೆ 64ಎ ಕಲಂ ವಿನಾಯ್ತಿ ಕೊಡುತ್ತೆ. ಕುತೂಹಲಕ್ಕೆ ಒಂದೇ ಸಲ ನುಂಗಿದವನಿಗೆ, ಅವನನ್ನ ಹೊತ್ತು ತಂದವನಿಗೆ ಅದರಲ್ಲಿ ಮಾತಿಲ್ಲ. ಗೆಳೆಯನನ್ನ ಬಿಟ್ಟು ಓಡು ಅಂತ ಕಲಿಸೋ ಕಾನೂನು ಅಮಲಿಗಿಂತ ಕೆಟ್ಟದ್ದು. ಆದರೆ ಆ ಕಾನೂನು ಬದಲಾಗಲಿ ಅಂತ ಬಿದ್ದವನು ಕಾಯೋದಿಲ್ಲ. ಅವನನ್ನ ಹೆಗಲಿಗೆ ಹಾಕಿಕೊಂಡು ಡಾಕ್ಟರ ಮುಂದೆ ನಿಂತು, ಏನು ನುಂಗಿದ, ಎಷ್ಟು ನುಂಗಿದ ಅಂತ ನಿಜ ಹೇಳಬೇಕು. ಕೇಸಾದರೆ ಆಗಲಿ, ಆಮೇಲೆ ನಾವೆಲ್ಲ ಠಾಣೆ ಮುಂದೆ ಕೂರೋಣ.