ಕೊಳ್ಳಕ್ಕೆ ಇಳಿಯುವ ಮುನ್ನ



ಮೇ ತಿಂಗಳ ರಜೆ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮ್ಮ ಯುವಜನರು ಬಲಿಪೂಜೆ ಮುಗಿದ ಮೇಲೆ ಗುಂಪುಗೂಡಿ ಒಂದೇ ಪ್ರಶ್ನೆ ಕೇಳುತ್ತಾರೆ: “ಫಾದರ್, ಈ ಸಲ ಎಲ್ಲಿಗೆ?” ಈ ವರ್ಷ ಒಬ್ಬ ಹುಡುಗ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ಚಿತ್ರ ತಂದು ತೋರಿಸಿದ. ಒಣ ಮರುಭೂಮಿಯ ನಡುವೆ ಕೊಲೊರಾಡೊ ನದಿ ಕೊರೆದ ಕೊಳ್ಳ ಅದು. 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಆಳ. “ಅಷ್ಟು ದೂರ ಹೋಗಲು ಕಾಣಿಕೆ ಡಬ್ಬಿ ಸಾಲದಪ್ಪಾ, ನಮ್ಮದೇ ಕೊಳ್ಳ ಇದೆಯಲ್ಲ” ಎಂದೆ. ಎಲ್ಲರೂ ನಕ್ಕರು. ಗೋಕಾಕ ಎಂದು ತೀರ್ಮಾನವಾಯಿತು.

ಹೌದು, ನಮ್ಮ ಮನೆಬಾಗಿಲಲ್ಲೇ ಇರುವುದನ್ನು ನಾವು ಮರೆಯುತ್ತೇವೆ. ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳಿಂದ ರೈಲು ಹಿಡಿದು ಘಟಪ್ರಭಾದಲ್ಲಿ ಇಳಿದರೆ ಮುಂದಿನ ದಾರಿ ಸಣ್ಣದು. ಘಟಪ್ರಭೆ ಅಲ್ಲಿ ಮರಳುಗಲ್ಲಿನ ಅಂಚಿನಿಂದ 170 ಅಡಿ ಕೆಳಗೆ, ಕುದುರೆಲಾಳದ ಆಕಾರದಲ್ಲಿ ಧುಮುಕಿ, ಎತ್ತರದ ಬಂಡೆಗೋಡೆಗಳ ನಡುವೆ ಹರಿದು ಹೋಗುತ್ತದೆ. ಸಮೀಪದಲ್ಲೇ ಮಾರ್ಕಂಡೇಯ ನದಿಯ ಯೋಗಿಕೊಳ್ಳ. ಮಳೆಗಾಲದಲ್ಲಿ ಕೆಂಪು ನೀರಿನ ಆರ್ಭಟ; ಬೇಸಿಗೆಯಲ್ಲಿ ನೀರು ಕ್ಷೀಣಿಸಿ ಬಂಡೆಗಳು ಹೆಂಚಿನಂತೆ ಕಾಯುತ್ತವೆ.

ಆ ಕಾದ ಬಂಡೆಗಳ ಬಗ್ಗೆ ನಾನೊಂದು ತಪ್ಪೊಪ್ಪಿಗೆ ಮಾಡಬೇಕು.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಮೇ ತಿಂಗಳಲ್ಲಿ ಸುಮಾರು ಮೂವತ್ತು ಜನರನ್ನು ಕರೆದುಕೊಂಡು ಒಂದು ಕೊಳ್ಳಕ್ಕೆ ಇಳಿದೆ. ಹೊರಡುವಾಗ ಒಬ್ಬ ತಾಯಿ, “ಫಾದರ್, ನೀರು ಎಷ್ಟು ತಗೊಳ್ಳೂಣು?” ಎಂದು ಕೇಳಿದರು. “ಅಲ್ಲೇ ಹೊಳಿ ಐತಲ್ಲಮ್ಮಾ” ಎಂದುಬಿಟ್ಟೆ. ಇಳಿಯುವಾಗ ಹಾಡು, ನಗು. ನಾನೇ ಎಲ್ಲರಿಗಿಂತ ಮುಂದೆ. ಹತ್ತಿ ಬರುವಾಗ ಮಧ್ಯಾಹ್ನ. ಮೇಲೆ ಬಂದು ತಲೆ ಎಣಿಸಿದಾಗ ಒಬ್ಬರು ಕಡಿಮೆ. ಅಡುಗೆಗೆಂದು ನಮ್ಮ ಜೊತೆ ಬಂದಿದ್ದ ವಯಸ್ಸಾದ ತಾಯಿ. ನೀರು ಎಷ್ಟೆಂದು ಕೇಳಿದವರೂ ಅವರೇ. ಓಡಿ ಹೋಗಿ ನೋಡಿದರೆ ಒಂದು ಜಾಲಿಗಿಡದ ಕೆಳಗೆ ಕುಳಿತಿದ್ದಾರೆ, ಪಕ್ಕದಲ್ಲಿ ಒಬ್ಬ ಕುರಿ ಕಾಯುವವ. ತನ್ನ ಬುತ್ತಿಯ ಮಜ್ಜಿಗೆಗೆ ಉಪ್ಪು ಹಾಕಿ ಕುಡಿಸಿ, ಕಂಬಳಿಯನ್ನು ನೆರಳಾಗಿ ಹಿಡಿದಿದ್ದ. ಅವನು ನನ್ನನ್ನು ಒಂದು ಮಾತೂ ಬೈಯಲಿಲ್ಲ. “ಮುದುಕಿನ್ನ ಹಿಂದ ಬಿಟ್ಟ ಹೋಗಬಾರದ್ರಿ” ಎಂದ, ಅಷ್ಟೇ. ಒಳ್ಳೆಯ ಸಮಾರಿಯನ ಸಾಮತಿಯನ್ನು ಎಷ್ಟೋ ಸಲ ಬೋಧಿಸಿದ ನಾನು, ಆ ದಿನ ಪಕ್ಕದಿಂದ ಹಾದುಹೋದ ಯಾಜಕನಾಗಿದ್ದೆ.

ಆ ಸಾಮತಿಯ ದಾರಿಯೂ ಮರುಭೂಮಿಯ ದಾರಿಯೇ ಎಂಬುದು ನಿಮಗೆ ಗೊತ್ತೇ? ಜೆರುಸಲೇಮಿನಿಂದ ಜೆರಿಕೋಗೆ ಸುಮಾರು ಸಾವಿರ ಮೀಟರ್ ಇಳಿಯಬೇಕು. ಪಕ್ಕದಲ್ಲೇ ವಾದಿ ಕೆಲ್ಟ್ ಎಂಬ ಆಳವಾದ ಕೊಳ್ಳ. ಅದರ ಬಂಡೆಗೋಡೆಗೆ ಅಂಟಿಕೊಂಡಂತೆ ಸಂತ ಜಾರ್ಜರ ಮಠ ಇಂದಿಗೂ ಇದೆ.

ಬೆಟ್ಟಕ್ಕೂ ಕೊಳ್ಳಕ್ಕೂ ಒಂದು ದೊಡ್ಡ ವ್ಯತ್ಯಾಸ. ಬೆಟ್ಟದಲ್ಲಿ ಕಷ್ಟ ಮೊದಲು, ಸುಲಭ ಆಮೇಲೆ. ಸುಸ್ತಾದವನು ಅರ್ಧದಲ್ಲೇ ತಿರುಗಿ ಇಳಿಯಬಹುದು. ಕೊಳ್ಳದಲ್ಲಿ ಕಾಲು ತಾನಾಗಿ ಇಳಿಯುತ್ತದೆ, ದಣಿವು ತಿಳಿಯುವುದೇ ಇಲ್ಲ. ಶಕ್ತಿ ಮುಗಿದ ಮೇಲೆ, ಬಿಸಿಲು ಏರಿದ ಮೇಲೆ ಹತ್ತಬೇಕು. ಗ್ರ್ಯಾಂಡ್ ಕ್ಯಾನ್ಯನ್‌ನ ಕಾವಲುಗಾರರು ಇದನ್ನೇ ಎಚ್ಚರಿಸುತ್ತಾರೆ: ಇಳಿಯಲು ಹಿಡಿದ ಸಮಯದ ಎರಡರಷ್ಟು ಹತ್ತಲು ಇಟ್ಟುಕೊಳ್ಳಿ, ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಲ್ಲಿ ನಡೆಯಬೇಡಿ, ಒಂದೇ ದಿನದಲ್ಲಿ ನದಿಗಿಳಿದು ಹತ್ತಿ ಬರುವ ಸಾಹಸ ಬೇಡ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಉಪ್ಪು ಕಡಿಮೆಯಾಗಿ ಅದೂ ಅಪಾಯವೇ. ಕುರಿ ಕಾಯುವವನ ಮಜ್ಜಿಗೆಯಲ್ಲಿ ಈ ಜ್ಞಾನ ಮೊದಲೇ ಇತ್ತು.

ಪ್ರವಾದಿ ಎಲೀಯನನ್ನು ನೆನೆಯಿರಿ. ಬರಗಾಲದಲ್ಲಿ ದೇವರು ಅವನನ್ನು ಕೆರೀತ್ ಹಳ್ಳದ ಬಳಿ ಅಡಗಿಸಿಟ್ಟರು. ಕಾಗೆಗಳು ಆಹಾರ ತಂದವು, ಆದರೆ ಮಳೆಯಿಲ್ಲದೆ ಹಳ್ಳ ಬತ್ತಿತು. ಅಥಣಿ, ಕಾಗವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೊಮ್ಮೆ ಅದೇ ಎಲೀಯ ಮರುಭೂಮಿಯಲ್ಲಿ ಗಿಡವೊಂದರ ಕೆಳಗೆ ಕುಳಿತು, ಸಾವು ಬರಲಿ ಎಂದು ಬೇಡಿದ. ದೇವರು ಉಪದೇಶ ಮಾಡಲಿಲ್ಲ. ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕಳಿಸಿದರು. ಅವನು ತಿಂದು ಮಲಗಿದ. ಮತ್ತೆ ಎಬ್ಬಿಸಿ ಎರಡನೆಯ ಸಲವೂ ತಿನ್ನಿಸಿದರು, ದಾರಿ ದೂರವಿದೆ ಎಂದು. ಆ ಬಲದಿಂದಲೇ ಅವನು ನಲವತ್ತು ದಿನ ನಡೆದು ಹೋರೇಬ್ ಸೇರಿದ್ದು. ಮನೆಯಲ್ಲಿ ಸೋತು ಕುಳಿತ ಹೆಂಡತಿಗೆ, ಪರೀಕ್ಷೆಯಲ್ಲಿ ನಪಾಸಾದ ಮಗನಿಗೆ ನಾವು ಮೊದಲು ಕೊಡುವುದು ರೊಟ್ಟಿಯನ್ನೋ, ಬುದ್ಧಿಮಾತನ್ನೋ?

ಆದಿಕಾಂಡದ 33ನೆಯ ಅಧ್ಯಾಯವನ್ನೂ ಓದಿ. ಜೊತೆಯಲ್ಲಿ ನಡೆಯೋಣ ಬಾ ಎಂದು ಏಸಾವ ಕರೆದಾಗ ಯಕೋಬ ಒಪ್ಪುವುದಿಲ್ಲ. ನನ್ನ ಮಕ್ಕಳು ಎಳೆಯರು, ಹಾಲೂಡುವ ಕುರಿದನಗಳಿವೆ, ಒಂದು ದಿನ ಅವಸರಪಡಿಸಿದರೂ ಮಂದೆ ಸಾಯುತ್ತದೆ, ಅವುಗಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆ ಎನ್ನುತ್ತಾನೆ. (ಅಣ್ಣನ ಭಯವೂ ಅವನಿಗೆ ಇತ್ತೆನ್ನಿ. ಆದರೂ ಮಾತು ಸರಿ.)

ಆದ್ದರಿಂದ ಈ ಸಲದ ಏರ್ಪಾಡು ಹೀಗಿದೆ. ಬೆಳಗಿನ ಐದು ಗಂಟೆಗೆ ನಡಿಗೆ ಆರಂಭ, ಒಂಬತ್ತರೊಳಗೆ ಎಲ್ಲರೂ ಮೇಲೆ. ತಲೆಗೆ ಮೂರು ಲೀಟರ್ ನೀರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಪ್ಪು ಹಾಕಿದ ಮಜ್ಜಿಗೆ. ಅಥಣಿಯ ಚಪ್ಪಲಿಗೆ ಹೆಸರಿದೆ ನಿಜ, ಆದರೆ ಜಾರುಬಂಡೆಗೆ ಬೂಟು ಹಾಕಿ ಬನ್ನಿ. ಮೇಲೆ ಹಿಡಕಲ್ ಅಣೆಕಟ್ಟು ಇರುವುದರಿಂದ ನೀರು ಬಿಡುವರೇ ಎಂದು ವಿಚಾರಿಸದೆ ಯಾರೂ ನದಿಪಾತ್ರಕ್ಕೆ ಇಳಿಯಕೂಡದು. ಎಲ್ಲರಿಗಿಂತ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ ಇರಬೇಕು.

ಆ ತಾಯಿ ಈ ಸಲವೂ ಬರುತ್ತೇನೆ ಎಂದಿದ್ದಾರೆ. ಸಾಲಿನ ಮೊದಲ ಜಾಗ ಅವರದು. ಹೆಸರು ಕೊಡುವಾಗ ನಿಮ್ಮ ಮನೆಯಲ್ಲಿ ಯಾರ ನಡಿಗೆ ನಿಧಾನ ಎಂಬುದನ್ನೂ ಬರೆದು ಕೊಡಿ. ಕೊನೆಯ ಜಾಗಕ್ಕೆ ನನ್ನ ಹೆಸರನ್ನು ಆಗಲೇ ಬರೆದಿದ್ದೇನೆ.