ದಾಸೋಹಿ ಎಂಬ ಮಾತಿನ ಅರ್ಥ

ಧರ್ಮಕಾರ್ಯಕ್ಕೆ ನೆರವಾಗುವವರನ್ನು ಕರೆಯಲು ಕನ್ನಡದಲ್ಲಿ ಹಲವು ಮಾತುಗಳಿವೆ. ಬೆಂಬಲಿಗನು ಬೆನ್ನಿಗೆ ಬಲವಾಗಿ ಹಿಂದೆ ನಿಲ್ಲುವವನು. ಈ ಮಾತನ್ನು ಈಗ ಚುನಾವಣೆಯವರೇ ಹೆಚ್ಚಾಗಿ ಬಳಸುತ್ತಾರೆ. ಪೋಷಕನು ಸಲಹುವವನು, ಎಂದರೆ ಸಲಹಿಸಿಕೊಳ್ಳುವವನಿಗಿಂತ ಒಂದು ಮೆಟ್ಟಿಲು ಮೇಲೆ ನಿಂತವನು. ಶರಣಧರ್ಮವು ಎತ್ತಿಹಿಡಿದ ಮಾತಾದರೋ ದಾಸೋಹಿ ಎಂಬುದು. ದಾಸಃ, ಅಹಂ ಎಂಬ ಎರಡು ಪದಗಳು ಕೂಡಿ ದಾಸೋಹಂ ಆಯಿತು. ನಾನು ಸೇವಕನು ಎಂಬುದೇ ಅದರ ಅರ್ಥ. ಆತನೇ ನಾನೆಂಬ ಸೋಹಂಭಾವವನ್ನು ಬಯಸದೆ ಬಸವಣ್ಣನವರು ದಾಸೋಹಂಭಾವವನ್ನೇ ಬೇಡಿಕೊಂಡರು. ಇಲ್ಲಿ ನೀಡುವವನು ಕೆಳಗಿನವನು, ಕೈಯೊಡ್ಡಿದ ಜಂಗಮನೇ ಒಡೆಯನು.

ಹಿಂದೆ ಹಳ್ಳಿಯಾಗಿದ್ದು ಈಗ ಬೆಂಗಳೂರು ನಗರದೊಳಗೆ ಸೇರಿಹೋಗಿರುವ ಚಿಕ್ಕಲಸಂದ್ರದಂತಹ ಕಡೆಗಳಲ್ಲಿ ನೆಲೆಸಿದ ಗೃಹಸ್ಥರಿಗೆ ಈ ಮಾತು ಆಹ್ವಾನಪತ್ರಿಕೆಗಳಿಂದಲೇ ಪರಿಚಿತವು. 'ಅನ್ನದಾಸೋಹಿಗಳು' ಎಂಬ ತಲೆಬರಹ. ಅದರ ಕೆಳಗೆ ಹಣವಿತ್ತವರ ಹೆಸರುಗಳು. ಇತ್ತವರನ್ನು ನೆನೆಯುವುದು ತಪ್ಪಲ್ಲ. ಆದರೆ ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತವರು, ಬಡಿಸಿದವರು, ಎಂಜಲೆಲೆ ತೆಗೆದವರು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ದಾಸನೆಂಬ ಮಾತು ದಾತನೆಂಬ ಅರ್ಥಕ್ಕೆ ಹೊರಳಿದ್ದು ಹೀಗೆ. ಒಂದೇ ಅಕ್ಷರದ ವ್ಯತ್ಯಾಸವಾದರೂ ಅಂತರವು ಬಹಳ.

ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಸವೆಸುವುದು ತ್ರಿವಿಧ ದಾಸೋಹವು. ಧನವು ಮೂರರಲ್ಲಿ ಒಂದು ಮಾತ್ರ. ಅದೊಂದನ್ನೇ ಕೊಟ್ಟು ಪೂರ್ಣದಾಸೋಹಿಯೆನಿಸಿಕೊಳ್ಳುವುದು ಸಲ್ಲದು. ಹಣವಿಲ್ಲದವನು ದಾಸೋಹಕ್ಕೆ ಹೊರಗಿನವನೆಂದು ಕುಗ್ಗಬೇಕಾದುದೂ ಇಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇತ್ತ ಶ್ರೀ ಶಿವಕುಮಾರ ಸ್ವಾಮಿಗಳು ಆ ಮಕ್ಕಳಿಗಾಗಿ ಊರೂರು ತಿರುಗಿ ಭಿಕ್ಷೆ ಬೇಡಿದವರು. ಅವರು 2019ರ ಜನವರಿ 21ರಂದು ಲಿಂಗೈಕ್ಯರಾದರು. ಆ ದಿನವನ್ನು ಸರ್ಕಾರವು ದಾಸೋಹ ದಿನವೆಂದು ಘೋಷಿಸಿತು. 2002ರಲ್ಲಿ ಶಾಲಾಮಕ್ಕಳ ಬಿಸಿಯೂಟದ ಯೋಜನೆಯು ಆರಂಭವಾದಾಗಲೂ ಅದಕ್ಕೆ ಅಕ್ಷರ ದಾಸೋಹವೆಂಬ ಹೆಸರೇ ಬಂದಿತು. ದಾನವೆನ್ನದೆ ದಾಸೋಹವೆಂದದ್ದು ಉಚಿತವಾಯಿತು; ದಾನವೆಂದಿದ್ದರೆ ಮಗುವು ತಲೆತಗ್ಗಿಸಿ ಉಣ್ಣಬೇಕಾಗುತ್ತಿತ್ತು.

ನೀಡುವ ದ್ರವ್ಯವು ಎಲ್ಲಿಂದ ಬಂದಿತೆಂಬುದೂ ಇಲ್ಲಿ ದೊಡ್ಡ ಪ್ರಶ್ನೆಯೇ. ಮಠದ ಗೋಡೆಯ ಮೇಲಿನ ಕಲ್ಲು ಅದನ್ನು ಕೇಳುವುದಿಲ್ಲ, ಶರಣರು ಕೇಳುತ್ತಿದ್ದರು. ಆಯ್ದಕ್ಕಿ ಮಾರಯ್ಯನವರು ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕವನ್ನು ಹಿಡಿದಿದ್ದರು. ಅದರಿಂದಲೇ ಜಂಗಮದಾಸೋಹವೂ ನಡೆಯುತ್ತಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ಇಂದಿನ ದಾಸೋಹಕ್ಕೆ ಸಾಲುವಷ್ಟೇ ನಮ್ಮದು, ಮಿಕ್ಕದ್ದು ಆಸೆ ಎಂಬುದು ಅವರ ನಿಲುವು. ಹೆಚ್ಚು ತಂದರೆ ಹೆಚ್ಚು ಮಂದಿಗೆ ಬಡಿಸಬಹುದಲ್ಲವೇ ಎಂದು ಯಾವ ಗೃಹಸ್ಥನಿಗಾದರೂ ತೋರೀತು. ಲಕ್ಕಮ್ಮನವರು ಆ ಲೆಕ್ಕವನ್ನೇ ಒಪ್ಪಲಿಲ್ಲ. ಅಳತೆ ಮೀರಿ ಬಂದುದು ಕಾಯಕದ ಫಲವಲ್ಲವಾದ್ದರಿಂದ ಜಂಗಮದ ಎಲೆಗೆ ಅದು ಯೋಗ್ಯವಲ್ಲ. ಮಾರಯ್ಯನವರು ಎದುರಾಡದೆ ಆ ಅಕ್ಕಿಯನ್ನು ಹೊತ್ತುಕೊಂಡು ಹೋಗಿ ಮೊದಲಿದ್ದ ಅಂಗಳಕ್ಕೇ ಸುರಿದು ಬಂದರು.